ಎಡಚಿ ಏಟು

ಇತಿಹಾಸ ಉಳಿಸುತ್ತೇವೆ ಎಂದು ಯಾರಾದರೂ ನಿಮ್ಮ ಮನೆ ಬಾಗಿಲು ತಟ್ಟಿದರೆ, ಒಳಗೆ ಕರೆಯುವ ಮೊದಲು ಅವರ ಚೀಲದಲ್ಲಿ ಸೋಪು ಇದೆಯೇ ನೋಡಿಕೊಳ್ಳಿ. ಈ ಮಾತನ್ನು ಈಚೆಗೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ. ಮುದುಕಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಸೊಸೆ ಪಕ್ಕದ ಮನೆಯವಳ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಹೌದು, ಇದೆ. ಯಾಕೆ ಇದೆ ಎಂದು ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ನಮ್ಮಪ್ಪ ಫೆನ್ಸಿಂಗ್ ಮೇಷ್ಟ್ರು. ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ಅವರ ಕತ್ತಿಮನೆ. ಆ ಹೆಸರು ಊರಿನವರು ಇಟ್ಟದ್ದು. ಬಾಗಿಲ ಮೇಲಿನ ಬೋರ್ಡಿನಲ್ಲಿ ಬೇರೆ ಏನೋ ಉದ್ದದ ಹೆಸರಿತ್ತು, ಅದನ್ನು ಪೂರ್ತಿ ಓದಿದವರು ಕಡಿಮೆ. ಉದ್ದನೆಯ ಕೋಣೆ, ಮರದ ನೆಲ, ನಡುವೆ ಬಣ್ಣ ಬಳಿದ ಪಟ್ಟಿ. ಆ ಪಟ್ಟಿಯ ಮೇಲೆ ಇಬ್ಬರು ಎದುರುಬದುರು ನಿಂತು ಆಡಬೇಕು. ಕೆಳಗೆ ಮೆಷಿನ್ನು ಓಡಿದರೆ ಮೇಲೆ ನಮ್ಮ ಅಂಗಾಲು ಜುಮ್ಮೆನ್ನುತ್ತಿತ್ತು.

ಏಟು ಬಿದ್ದರೆ ಹತ್ತುವ ಲೈಟಿನ ಯಂತ್ರ ದೊಡ್ಡ ಊರುಗಳಿಗೆ ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮ ಕಡೆಗೆ ಬಂದಿರಲಿಲ್ಲ. ನಮ್ಮದು ಹತ್ತಿ ಮತ್ತು ಶಾಯಿ. ಕತ್ತಿಯ ಮೊಂಡು ತುದಿಗೆ ಹತ್ತಿ ಸುತ್ತಿ, ಪ್ರೆಸ್ಸಿನಿಂದ ತಂದ ಕೆಂಪು ಶಾಯಿಯಲ್ಲಿ ಅದ್ದುತ್ತಿದ್ದೆವು. ಏಟು ಬಿದ್ದರೆ ಎದುರಾಳಿಯ ಬಿಳಿ ಕೋಟಿನ ಮೇಲೆ ಒಂದು ಕೆಂಪು ಚುಕ್ಕೆ. ಬೇರೆ ಊರುಗಳಲ್ಲಿ ಒಗೆದರೆ ಹೋಗುವ ಬಣ್ಣ ಬಳಸುತ್ತಿದ್ದರಂತೆ. ಪ್ರೆಸ್ಸಿನದು ಎಣ್ಣೆ ಶಾಯಿ, ಅದು ಹೋಗುವ ಪೈಕಿ ಅಲ್ಲ. ಸೋಪಿಗೂ ಜಗ್ಗುವುದಿಲ್ಲ, ಬಿಸಿನೀರಿಗೂ ಜಗ್ಗುವುದಿಲ್ಲ. ಅದನ್ನು ತೆಗೆಯಲೇಬೇಕು ಎಂದು ಹಟ ಹಿಡಿದು ಕೂತರೆ ಮಾತ್ರ ಹೋಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ.

ಅಪ್ಪನ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಲೆಕ್ಕಕ್ಕೆ ಸೇರಿದ ಚುಕ್ಕೆಯ ಸುತ್ತ ತೀರ್ಪುಗಾರ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಬೇಕು, ಇಲ್ಲದಿದ್ದರೆ ಅದೇ ಚುಕ್ಕೆಯನ್ನು ಮತ್ತೊಮ್ಮೆ ಎಣಿಸುವ ಅಪಾಯ. ಎಲ್ಲರೂ ಒಂದು ಸುತ್ತು ಹಾಕಿದರೆ ಅಪ್ಪ ಒಂದರ ಮೇಲೊಂದು ಎರಡು ಹಾಕುತ್ತಿದ್ದರು. ಒಂದು ಏಟಿಗೆ, ಒಂದು ನನ್ನ ಅನುಮಾನಕ್ಕೆ ಎನ್ನುತ್ತಿದ್ದರು. ಚುಕ್ಕೆ ಕಾಣದೇ ಹೋದರೆ ಏಟು ತಿಂದವರ ಮಾತೇ ಕೊನೆ. ಮೇಷ್ಟ್ರು "ತಗುಲಿತಾ?" ಎಂದು ಕೇಳಬೇಕು, ತಿಂದವರು ಹೂಂ ಅಥವಾ ಇಲ್ಲ ಎನ್ನಬೇಕು. ಹೊಡೆದವರಿಗೆ ಅಲ್ಲಿ ಬಾಯಿಲ್ಲ. ತಗುಲದ ಏಟನ್ನು ತಗುಲಿತು ಎಂದು ವಾದಿಸಿದವರು ಎಲ್ಲರ ಎದುರು ಕ್ಷಮೆ ಕೇಳಬೇಕು. ಕತ್ತಿಮನೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಇನ್ನೊಂದು ಪದ್ಧತಿ ಇತ್ತು: ಆ ವರ್ಷ ಗೆದ್ದವರ ಕೋಟನ್ನು ಒಗೆಯದೆ, ಚುಕ್ಕೆ ಸುತ್ತು ಎಲ್ಲ ಸಮೇತ, ಗೋಡೆಯ ಗೂಟಕ್ಕೆ ನೇತುಹಾಕುವುದು. ಗೆದ್ದವರೂ ಏಟು ತಿಂದೇ ಗೆದ್ದದ್ದು ಎಂದು ಮಕ್ಕಳಿಗೆ ಕಾಣಲಿ ಎಂದು.

ನನ್ನ ಅಕ್ಕ ಎಡಚಿ. ಊರಿಗೆಲ್ಲ ಅದೇ ಅವಳ ಹೆಸರು. ಬಲಗೈಯವರಿಗೆ ಅವಳ ಕತ್ತಿ ಯಾವ ಕಡೆಯಿಂದ ಬರುತ್ತದೆ ಎಂದು ಹೊಳೆಯುವಷ್ಟರಲ್ಲಿ ಅದು ಬಂದು ಹೋಗಿರುತ್ತಿತ್ತು. ನಾನೂ ಆಡುತ್ತಿದ್ದೆ, ಆದರೆ ನನ್ನದು ಬರೀ ಬಾಯಿ ಜೋರು. ಅಕ್ಕನದು ಕೈ. ಅಕ್ಕನಿಗೆ ಸರಿಸಾಟಿ ಎಂದರೆ ಒಬ್ಬಳೇ, ಡಾಕ್ಟರ ಮಗಳು. ಅವಳಿಗೆ ಈಗ ಎಪ್ಪತ್ತರ ಹತ್ತಿರ, ಅವರಪ್ಪ ಸತ್ತು ಎಷ್ಟೋ ವರ್ಷವಾಯಿತು, ಊರೆಲ್ಲ ಅವಳನ್ನು ಅಧ್ಯಕ್ಷೆ ಎನ್ನುತ್ತದೆ. ನನ್ನ ಬಾಯಲ್ಲಿ ಮಾತ್ರ ಅವಳು ಡಾಕ್ಟರ ಮಗಳೇ.

ಶಾಯಿಯ ಕಾಲದ ಕೊನೆಯ ಫೈನಲ್ ಅವರಿಬ್ಬರ ನಡುವೆ. ಹೊರಗಿನಿಂದ ಬರಬೇಕಿದ್ದ ತೀರ್ಪುಗಾರರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅಪ್ಪನೇ ತೀರ್ಪು ಕೊಡಬೇಕು ಎಂದು ಎಲ್ಲರೂ ದುಂಬಾಲು ಬಿದ್ದರು. ಅಪ್ಪ ಬೇಡ ಎಂದರು. ಡಾಕ್ಟರೇ ಎದ್ದು ನಿಂತು, ಮೇಷ್ಟ್ರೇ, ನಿಮ್ಮ ಮೇಲೆ ನಂಬಿಕೆ ಇಲ್ಲದೆ ಇನ್ಯಾರ ಮೇಲೆ ಇಡೋಣ ಎಂದರು. ಅಪ್ಪನಿಗೆ ಅಷ್ಟು ಸಾಕಾಯಿತು. ಮಗಳ ಏಟು ಎರಡು ಸಲ ಕಂಡರೆ ಒಂದು ಅಂತ ಬರೆದುಕೊಳ್ಳುತ್ತೇನೆ ಎಂದು ನಗುತ್ತಾ ಸಾರಿದರು. ಜನ ಚಪ್ಪಾಳೆ ತಟ್ಟಿದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಗಾದೆ ಕಟ್ಟಿದವರು ನಮ್ಮಪ್ಪನನ್ನು ನೋಡಿಯೇ ಕಟ್ಟಿರಬೇಕು.

ಐದು ಏಟಿನ ಆಟ. ನಾಲ್ಕು ನಾಲ್ಕು ಸಮ ಆಗಿತ್ತು. ನಾನು ಗೋಡೆಯ ಪಕ್ಕ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಡಾಕ್ಟರ ಮಗಳು ಕೈ ಎತ್ತಿ ಮುಂದೆ ಬಂದಳು, ಅಕ್ಕ ಕೆಳಗಿನಿಂದ ನುಗ್ಗಿದಳು, ಕತ್ತಿ ಬಿಲ್ಲಿನ ಹಾಗೆ ಬಾಗಿದ್ದು ನನಗೆ ಕಂಡಿತು. ಗಾಳಿಗೆ ಚುಚ್ಚಿದರೆ ಕತ್ತಿ ಬಾಗುವುದಿಲ್ಲ. ಅಕ್ಕ ನಿಂತು, ಮುಖದ ಜಾಲರಿ ತೆಗೆದು, "ತಗುಲಿತು" ಎಂದಳು.

ಅಪ್ಪ ಬಂದರು. ಡಾಕ್ಟರ ಮಗಳ ಎದೆ ನೋಡಿದರು, ಹೊಟ್ಟೆ ನೋಡಿದರು, ಬೆನ್ನಿಗೂ ಹೋಗಿ ನೋಡಿದರು. ತೋಳು ಎತ್ತಿಸಲಿಲ್ಲ. ಬೇರೆ ಯಾರ ಮಗಳು ಹೊಡೆದಿದ್ದರೂ ಎತ್ತಿಸುತ್ತಿದ್ದರು, ಅದು ಅವರ ರೂಢಿ. ಅವತ್ತು ಎತ್ತಿಸಿದರೆ, ನೋಡಿ, ಮಗಳಿಗಾಗಿ ಚುಕ್ಕೆ ಹುಡುಕುತ್ತಿದ್ದಾರೆ ಎಂದು ಜನ ಅಂದಾರು ಎಂಬ ಭಯ.

"ಕೈ ಎತ್ತಿಸಿ ನೋಡಪ್ಪಾ" ಎಂದಳು ಅಕ್ಕ.

ಅಪ್ಪನ ಮುಖ ಕೆಂಪಾಯಿತು. ಅಕ್ಕನ ಕಡೆ ತಿರುಗಿಯೂ ನೋಡದೆ ಡಾಕ್ಟರ ಮಗಳನ್ನು ಕೇಳಿದರು, ತಗುಲಿತಾ ಎಂದು. ಅವಳು ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಂತಿದ್ದಳು. "ಇಲ್ಲ ಮೇಷ್ಟ್ರೇ" ಎಂದಳು. ಆಟ ಮುಂದುವರಿಯಿತು. ಅಕ್ಕನ ಕಣ್ಣಲ್ಲಿ ನೀರಿತ್ತು, ಮುಂದಿನ ಏಟು ಅವಳಿಗೇ ಬಿತ್ತು.

ಅಲ್ಲಿಗೆ ಮುಗಿದಿದ್ದರೆ ಅದು ಬರೀ ಸೋಲು. ಆದರೆ ಅಪ್ಪ ಅವಳ ಭುಜ ಹಿಡಿದು ಪಟ್ಟಿಯ ನಡುವೆ ನಿಲ್ಲಿಸಿದರು. ಇಡೀ ಕೋಣೆ ನೋಡುತ್ತಿರುವಾಗ, ಡಾಕ್ಟರ ಮಗಳಿಗೆ ಕೈ ಮುಗಿಸಿ, "ನಾನು ಸುಳ್ಳು ಹೇಳಿದೆ, ಕ್ಷಮಿಸಬೇಕು" ಎಂದು ಅವಳ ಬಾಯಲ್ಲಿ ಹೇಳಿಸಿದರು. ಅಕ್ಕ ಹೇಳಿದಳು. ಹೇಳಿ ಮೆಟ್ಟಿಲಿಳಿದವಳು ಮತ್ತೆ ಕತ್ತಿಮನೆಗೆ ಕಾಲಿಡಲಿಲ್ಲ. ಆಮೇಲೆ ಅಲ್ಲಿ ಯಾವ ಮಗು ತಗುಲದ ಏಟಿಗೆ ಜಗಳ ತೆಗೆದರೂ ಉಳಿದವರು "ಎಡಚಿ ಏಟು, ಎಡಚಿ ಏಟು" ಎಂದು ಕೂಗುವುದು ಶುರುವಾಯಿತು. ಅಪ್ಪ ಒಂದು ದಿನವೂ ಗದರಿಸಲಿಲ್ಲ. ಮಗಳ ಪರ ಗದರಿಸಿದ ಹಾಗೆ ಆಗುತ್ತದಲ್ಲ!

ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಗಿರಾಕಿಯ ಮೂಗಿನ ಮೇಲೆ ಒಂದಾದ ಮೇಲೊಂದು ಗಾಜು ಇಟ್ಟು, ಈಗ ಕಾಣಿಸ್ತಾ, ಈಗ ಕಾಣಿಸ್ತಾ ಎಂದು ಕೇಳುವುದೇ ಅವಳ ಜೀವಮಾನದ ಉದ್ಯೋಗವಾಯಿತು. ಅಪ್ಪನಿಗೆ ಕಣ್ಣು ಮಂಜಾದಾಗ ಅವರು ಊರಾಚೆಯ ಬೇರೆ ಅಂಗಡಿಗೆ ಹೋದರು. ಒಂದೇ ಮನೆಯಲ್ಲಿ ಒಂದೇ ಮೇಜಿನ ಸುತ್ತ ಕೂತು ಉಂಡವರು, ಉಪ್ಪು ಕೊಡು, ಬಾಗಿಲು ಹಾಕು ಬಿಟ್ಟರೆ ಬೇರೆ ಮಾತಿಲ್ಲ. ಅಪ್ಪ ಹೋದಾಗ ಅಕ್ಕ ಅಳಲಿಲ್ಲ. ನಾನು ಅವಳ ಪಾಲಿನದನ್ನೂ ಅತ್ತೆ. ಡಾಕ್ಟರ ಮಗಳು ಹೊರಗೆ ಹೋಗಿ ಲೈಟಿನ ಯಂತ್ರದ ಮುಂದೆ ಆಡಿ ಹೆಸರು ಮಾಡಿದಳು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಆಡುತ್ತಿದ್ದಳು. ಕೊನೆಗೆ ನಮ್ಮ ಕಡೆಯ ಫೆನ್ಸಿಂಗ್ ಸಂಘಕ್ಕೆ ಅಧ್ಯಕ್ಷೆಯಾದಳು.

ಕತ್ತಿಮನೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಮಂಡಿ ಸವೆಯುವ ತನಕ ಮಕ್ಕಳಿಗೆ ಹೆಜ್ಜೆ ಕಲಿಸಿದೆ. ಪ್ರೆಸ್ಸಿನವರ ಮೊಮ್ಮಕ್ಕಳು ಕಟ್ಟಡ ಮಾರುತ್ತೇವೆ, ಖಾಲಿ ಮಾಡಿ ಎಂದಾಗಲೇ ಇತಿಹಾಸದವನು ಬಂದದ್ದು. ಸಂಘದವರು ಹೊಸ ಕ್ರೀಡಾಂಗಣದಲ್ಲಿ ನಮ್ಮ ಸೀಮೆಯ ಕತ್ತಿವರಸೆಗೆಂದು ಒಂದು ಇತಿಹಾಸದ ಕೋಣೆ ಮಾಡುತ್ತಿದ್ದರು, ಅದಕ್ಕೆ ಇವನನ್ನು ನೇಮಿಸಿದ್ದರು. ಓದಿದವನು, ವಿನಯವಂತ, ಪ್ರತಿ ಮಾತಿಗೂ ಅಮ್ಮಾ ಅಮ್ಮಾ ಎನ್ನುವವನು. ಹಳಬರ ಮನೆಮನೆಗೆ ಹೋಗಿ ಅವರ ನೆನಪುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದ. ನನಗೆ ಅವನು ಹಿಡಿಸಿದ. ಎಲ್ಲವನ್ನೂ ಒಯ್ಯಿ, ಗೆದ್ದಲು ತಿನ್ನುವುದಕ್ಕಿಂತ ಜನ ನೋಡಲಿ ಎಂದೆ.

ಗೋಡೆಯ ಕೋಟುಗಳನ್ನು ನಾನೇ ಇಳಿಸಿದೆ. ಡಾಕ್ಟರ ಮಗಳದ್ದು ಕೊನೆಯ ಗೂಟದಲ್ಲಿತ್ತು, ಶಾಯಿಯ ಕಾಲದ ಕೊನೆಯ ಕೋಟಲ್ಲವೇ. ಧೂಳು ಕೊಡವಲು ಬಲತೋಳು ಹಿಡಿದು ಎತ್ತಿದೆ. ಎತ್ತಿದವಳು ಹಾಗೇ ನಿಂತುಬಿಟ್ಟೆ. ಕಂಕುಳ ಕೆಳಗೆ, ಹೊಲಿಗೆಯ ಪಕ್ಕ, ಬಟ್ಟೆ ಮಡಿಕೆಯಾಗುವ ಜಾಗದಲ್ಲಿ ಒಂದು ಚುಕ್ಕೆ. ಬಿಸಿಲು ಕಾಣದ ಜಾಗವಾದ್ದರಿಂದ ಉಳಿದ ನಾಲ್ಕಕ್ಕಿಂತ ಕೆಂಪಾಗಿತ್ತು.

ಅಷ್ಟೇ ಆಗಿದ್ದರೆ ನಾನು ಸಂತೋಷದಿಂದ ಕುಣಿಯುತ್ತಿದ್ದೆ. ಆದರೆ ಚುಕ್ಕೆಯ ಸುತ್ತ ಪೆನ್ಸಿಲ್ಲಿನ ಸುತ್ತು ಇತ್ತು. ಒಂದಲ್ಲ, ಒಂದರ ಮೇಲೊಂದು ಎರಡು.

ಅಂದರೆ ಅಪ್ಪ ನೋಡಿದ್ದಾರೆ. ಆಟದಲ್ಲಿ ಅಲ್ಲ, ಆಮೇಲೆ ಯಾವತ್ತೋ, ಯಾರೂ ಇಲ್ಲದಾಗ, ನನ್ನ ಹಾಗೆಯೇ ತೋಳು ಎತ್ತಿ ನೋಡಿದ್ದಾರೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮಗಳ ಏಟನ್ನು ಲೆಕ್ಕಕ್ಕೆ ಸೇರಿಸಿದ್ದಾರೆ. ಸೇರಿಸಿ, ತೋಳು ಇಳಿಸಿ, ಬಾಯಿ ಮುಚ್ಚಿಕೊಂಡಿದ್ದಾರೆ. ನನಗೆ ಅಪ್ಪನ ಮೇಲೆ ಬಂದ ಸಿಟ್ಟಿಗೆ ಅವರು ಎದುರಿಗಿದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ನಾನು ಬೈದೆ, ಬಾಯಿ ತುಂಬಾ ಬೈದೆ, ಇತಿಹಾಸದವನು ಡಬ್ಬಕ್ಕೆ ಕತ್ತಿ ತುಂಬುತ್ತಿದ್ದವನು ಗಾಬರಿಯಾಗಿ ತಿರುಗಿ ನೋಡಿದ.

ಫೋನಿನಲ್ಲಿ ಚುಕ್ಕೆಯ ಫೋಟೋ ತೆಗೆದುಕೊಂಡು ಅಕ್ಕನ ಮನೆಗೆ ಓಡಿದೆ. ನನ್ನ ಫೋನೂ ನನ್ನಷ್ಟೇ ಹಳೆಯದು. ಬಂದದ್ದು ಒಂದು ಕಂದು ಮುದ್ದೆ. ಅಕ್ಕ ಕನ್ನಡಕ ಏರಿಸಿ ನೋಡಿ, ಇದು ಟೀ ಕಲೆಯೂ ಆಗಬಹುದು ಎಂದಳು. ನಾನು ಕಂಡದ್ದನ್ನು ಹೇಳಿದೆ. ಚುಕ್ಕೆಯ ವಿಷಯಕ್ಕೆ ಅವಳು ಮಡಚುತ್ತಿದ್ದ ಬಟ್ಟೆಯಿಂದ ತಲೆ ಕೂಡ ಎತ್ತಲಿಲ್ಲ. ಅದು ಅಲ್ಲಿದೆ ಎಂದು ಅವಳಿಗೆ ಮೊದಲೇ ಗೊತ್ತಲ್ಲ. ಸುತ್ತು ಇದೆ ಎಂದಾಗ ಕೈಲಿದ್ದ ಬಟ್ಟೆ ಕೆಳಗಿಟ್ಟಳು.

"ಎಷ್ಟು ಸುತ್ತು?" ಎಂದು ಕೇಳಿದಳು.

"ಎರಡು."

ಅಕ್ಕ ಕನ್ನಡಕ ತೆಗೆದು ಒರೆಸಿದಳು. ಒರೆಸಿ ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು. ಅಪ್ಪ ಸತ್ತಾಗ ಬರದ ಅಳು ಆಗ ಬಂತು. ಮುದುಕಿಯಾದ ಅಕ್ಕನನ್ನು ತಂಗಿ ತಬ್ಬಿಕೊಂಡು ಕೂರುವುದು ಎಂದರೆ ಏನು ಎಂದು ಅವತ್ತು ಗೊತ್ತಾಯಿತು.

ಕೋಟು ಇನ್ನೂ ಕತ್ತಿಮನೆಯಲ್ಲೇ ಇದೆ, ಈಗಲೇ ತಂದು ತೋರಿಸುತ್ತೇನೆ ಎಂದೆ. ಅಕ್ಕ ಬೇಡ ಎಂದಳು. "ಎಲ್ಲರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳ್ದೆ ಅನ್ಸಿದ್ರು. ಈಗ ಕದ್ದು ತಂದು ಅಡಿಗೆಮನೇಲಿ ನೋಡ್ಲಾ? ಎಲ್ಲರ ಮುಂದೆನೇ ನೋಡ್ತೀನಿ. ಅವಳೂ ಇರ್ಲಿ." ಕತ್ತಿಯ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವಳು ತಾನಾಗಿ ಬರುತ್ತೇನೆ ಎಂದಳಲ್ಲ, ನನಗೆ ಅದೇ ದೊಡ್ಡದಾಯಿತು.

ಇತಿಹಾಸದವನಿಗೆ ನಾನು ಎಲ್ಲ ಬಿಡಿಸಿ ಹೇಳಿದೆ. ಯಾವ ಕೋಟನ್ನೂ ಒಗೆಯಬಾರದು, ಅದು ನಮ್ಮ ಕಡೆಯ ಪದ್ಧತಿ. ಕೊನೆಯ ಕೋಟನ್ನು ಮಾತ್ರ ಬಲತೋಳು ಎತ್ತಿ ನಿಲ್ಲಿಸಬೇಕು, ಕಂಕುಳ ಕೆಳಗಿನ ಚುಕ್ಕೆ ಬಂದವರಿಗೆಲ್ಲ ಕಾಣಬೇಕು, ಅದರ ಕತೆಯನ್ನು ಉದ್ಘಾಟನೆಯ ದಿನ ನಾನೇ ಬಂದು ಹೇಳುತ್ತೇನೆ. ಅವನು ಚುಕ್ಕೆಯನ್ನೂ ಸುತ್ತನ್ನೂ ಬಗ್ಗಿ ನೋಡಿ, ಇದೇ ಅಮ್ಮಾ ನಿಜವಾದ ಇತಿಹಾಸ ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಕಣ್ಣೀರಿಗೆ ಏನು, ಖರ್ಚಿಲ್ಲ.

ಉದ್ಘಾಟನೆಯ ದಿನ ಅಕ್ಕ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಹೊಸ ಕನ್ನಡಕ ಹಾಕಿಕೊಂಡು ಬಂದಳು. ಹತ್ತಿರದ್ದು ದೂರದ್ದು ಎರಡೂ ಕಾಣುವ ಗಾಜು, ತಾನೇ ಕೂತು ಸರಿ ಮಾಡಿಸಿಕೊಂಡದ್ದು. ಇತಿಹಾಸದ ಕೋಣೆ ಚೆನ್ನಾಗಿಯೇ ಇತ್ತು. ಗೋಡೆಯುದ್ದಕ್ಕೂ ಕೋಟುಗಳು, ಕೆಂಪು ಚುಕ್ಕೆ, ಪೆನ್ಸಿಲ್ಲಿನ ಸುತ್ತು, ಪ್ರತಿ ಕೋಟಿನ ಕೆಳಗೆ ಗೆದ್ದವರ ಹೆಸರು. ಅಪ್ಪನ ಫೋಟೋ ಕೂಡ ಇತ್ತು, ಕಿವಿಯ ಮೇಲೆ ಪೆನ್ಸಿಲ್. ಅಕ್ಕ ಅದರ ಮುಂದೆ ನಿಲ್ಲಲಿಲ್ಲ. ನೇರ ಕೊನೆಗೆ ನಡೆದಳು, ನಾನು ಹಿಂದೆ.

ಕೊನೆಯ ಕೋಟು ಗಾಜಿನ ಪೆಟ್ಟಿಗೆಯಲ್ಲಿತ್ತು. ನಾನು ಹೇಳಿದ ಹಾಗೆಯೇ ಬಲತೋಳು ಎತ್ತಿ ನಿಲ್ಲಿಸಿದ್ದರು. ಕಂಕುಳ ಕೆಳಗೆ ದೀಪ ಕೂಡ ಬಿಟ್ಟಿದ್ದರು. ಕೋಟು ಹಾಲಿನಷ್ಟು ಬೆಳ್ಳಗಿತ್ತು.

ಚುಕ್ಕೆ ಇಲ್ಲ, ಸುತ್ತು ಇಲ್ಲ, ಏನೂ ಇಲ್ಲ. ಆ ಐದನೆಯದು ಬಿಡಿ, ಊರೆಲ್ಲ ಕಂಡಿದ್ದ ನಾಲ್ಕೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಯಾರೋ ತನ್ನ ಹೆಂಡತಿಗೆ ಹೇಳುತ್ತಿದ್ದ: ನೋಡು, ಉಳಿದವರ ಕೋಟೆಲ್ಲ ಹೇಗಾಗಿದೆ, ಇವರನ್ನ ಯಾರಿಗೂ ಮುಟ್ಟಕ್ಕೇ ಆಗಿಲ್ಲ ಎಂದು. ನನ್ನ ಮೈಯೆಲ್ಲ ಉರಿದು ಹೋಯಿತು.

ಇತಿಹಾಸದವನನ್ನು ಮೂಲೆಗೆ ಎಳೆದು ಕೇಳಿದೆ. ಅವನು ನನ್ನ ಮುಖ ನೋಡದೆ, ತನ್ನ ಶೂ ನೋಡುತ್ತಾ ಹೇಳಿದ. ತೋಳು ಎತ್ತಿ ನಿಲ್ಲಿಸುತ್ತೇವೆ ಎಂದು ಮೇಡಂಗೆ ತಿಳಿಸಿದೆ, ಅವರು ಒಂದು ಸಲ ನೋಡಬೇಕು ಎಂದರು, ಕಂಕುಳ ಹೊಲಿಗೆ ಬಿಟ್ಟಿದೆ ಹಾಕಿಸಿ ಕಳಿಸುತ್ತೇನೆ ಎಂದು ತೆಗೆದುಕೊಂಡು ಹೋದರು, ವಾಪಸ್ಸು ಬಂದಾಗ ಹೀಗಿತ್ತು. "ಅವರದೇ ಕೋಟು ಅಮ್ಮಾ. ಅವರೇ ಅಧ್ಯಕ್ಷರು. ನಾನೇನು ಹೇಳಕ್ಕಾಗತ್ತೆ?" ಎಂದ. ಹೊಲಿಗೆ ಬಿಟ್ಟಿರಲಿಲ್ಲ. ನಾನು ಕಣ್ಣಾರೆ ನೋಡಿದ್ದೆ.

ಅಷ್ಟರಲ್ಲಿ ಡಾಕ್ಟರ ಮಗಳು ಹೂಗುಚ್ಛ ಹಿಡಿದುಕೊಂಡು, ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ಬಂದಳು. ಅಕ್ಕನನ್ನು ಕಂಡು ಮುಖ ಅರಳಿಸಿದಳು. ಏನೇ ಎಡಚಿ, ಬಂದೆಯಲ್ಲ, ಎಷ್ಟು ಸಂತೋಷವಾಯಿತು ಎಂದು ಕೈ ಹಿಡಿದಳು. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ.

"ಕೋಟು ಬೆಳ್ಳಗಾಗಿದೆ" ಎಂದಳು.

"ತುಂಬ ಗಲೀಜಾಗಿತ್ತು ಕಣೆ. ನಾಳೆ ಮಕ್ಕಳು ನೋಡೋದಲ್ವಾ."

ಅಕ್ಕ ತನ್ನ ಎಡಗೈ ಬೆರಳನ್ನು ಗಾಜಿನ ಮೇಲಿಟ್ಟಳು. ಎತ್ತಿದ ತೋಳಿನ ಕೆಳಗೆ, ಹೊಲಿಗೆಯ ಪಕ್ಕ, ಸರಿಯಾಗಿ ಅದೇ ಜಾಗಕ್ಕೆ. ಅಲ್ಲಿ ಚುಕ್ಕೆ ಇದ್ದದ್ದನ್ನು ಅವಳು ಯಾವತ್ತೂ ಕಣ್ಣಿಂದ ಕಂಡವಳಲ್ಲ, ಕತ್ತಿಯ ತುದಿಯಿಂದ ಮಾತ್ರ ಗೊತ್ತು. "ಇಲ್ಲಿ" ಎಂದಳು, ಅಷ್ಟೇ.

ಡಾಕ್ಟರ ಮಗಳ ಬಲ ಮೊಣಕೈ ಥಟ್ಟನೆ ಪಕ್ಕೆಗೆ ಅಂಟಿತು. ಅವಳಿಗೆ ಗೊತ್ತಿಲ್ಲದ ಹಾಗೆ, ಹೂಗುಚ್ಛ ನಲುಗುವಷ್ಟು ಜೋರಾಗಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕ ಆ ಮೊಣಕೈಯನ್ನು ನೋಡಿದಳು, ನಾನೂ ನೋಡಿದೆ, ನಾವಿಬ್ಬರು ನೋಡಿದ್ದನ್ನು ಅವಳೂ ನೋಡಿದಳು. ಮೈಕಿನಲ್ಲಿ ಅಧ್ಯಕ್ಷರು ವೇದಿಕೆಗೆ ಬರಬೇಕು ಎಂದು ಕರೆದರು. ಅವಳು ಹೋದಳು. ಹೋಗುವಾಗಲೂ ಆ ಕೈ ಸಡಿಲಾಗಿರಲಿಲ್ಲ.

ಅಷ್ಟು ಸಾಕಾಗಿತ್ತೇನೋ ಅಕ್ಕನಿಗೆ. ಬಾ ಹೋಗೋಣ ಎಂದಳು. ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ದೊಡ್ಡ ಫಲಕ ಇತ್ತು. ನಮ್ಮ ಕತ್ತಿಮನೆಯ ನುಡಿಗಳು ಎಂದು ಮೇಲೆ ಬರೆದು, ಹಳಬರ ಬಾಯಿಂದ ರೆಕಾರ್ಡ್ ಮಾಡಿಕೊಂಡ ಮಾತುಗಳನ್ನೆಲ್ಲ ಅರ್ಥ ಸಮೇತ ಕೊಟ್ಟಿದ್ದರು. ನಾನು ಅಕ್ಕನನ್ನು ಬೇಗ ದಾಟಿಸಲು ನೋಡಿದೆ, ಆದರೆ ಹೊಸ ಕನ್ನಡಕದ ಹೆಂಗಸಿಗೆ ಏನು ಕಾಣದೇ ಇರುತ್ತದೆ? ಮೂರನೆಯ ಸಾಲು ಹೀಗಿತ್ತು: 'ಎಡಚಿ ಏಟು. ತಗುಲದೇ ತಗುಲಿತು ಎಂದು ಹೇಳಿಕೊಳ್ಳುವ ಏಟು. ತಮಾಷೆಯ ಮಾತು.' ಪಕ್ಕದಲ್ಲಿ ಎಡಗೈಯಲ್ಲಿ ಕತ್ತಿ ಹಿಡಿದು ಬಾಯಿ ಬಿಟ್ಟು ಕೂಗುವ ಹುಡುಗಿಯ ಚಿತ್ರ ಬೇರೆ.

ಯೋಚಿಸಿ ನೋಡಿ. ಆ ಮಾತು ಗೊತ್ತಿದ್ದವರು ನಾವು ಬೆರಳೆಣಿಕೆಯ ಮುದುಕ ಮುದುಕಿಯರು. ನಮ್ಮ ಜೊತೆ ಸುಡುಗಾಡಿಗೆ ಹೋಗಬೇಕಿದ್ದ ಮಾತು ಅದು. ಏಟನ್ನು ಒಗೆದು ಹಾಕಿ, ಬೈಗುಳವನ್ನು ಗಾಜು ಹಾಕಿಸಿ ಕಾಪಾಡಿದ್ದಾರೆ. ನಾನು ಫಲಕಕ್ಕೆ ಕೈ ಹಾಕಿದೆ, ಕಿತ್ತೇ ಬಿಡುತ್ತಿದ್ದೆ. ಅಕ್ಕ ನನ್ನ ಮುಂಗೈ ಹಿಡಿದಳು. ಅವಳ ಹಿಡಿತ ಇನ್ನೂ ಹಾಗೇ ಇತ್ತು.

ಹೊರಗೆ ಹೋಗುವ ದಾರಿ ಆಟದ ಅಂಗಳವನ್ನು ಹಾದು ಹೋಗುತ್ತಿತ್ತು. ಅಲ್ಲಿ ಪ್ರದರ್ಶನದ ಪಂದ್ಯ ಶುರುವಾಗಿತ್ತು. ವೇದಿಕೆಯ ಮೇಲೆ ಡಾಕ್ಟರ ಮಗಳು ಮೈಕು ಹಿಡಿದು, ಏಟು ತಿಂದವರೇ ಅದನ್ನು ಒಪ್ಪಿಕೊಳ್ಳುವುದು ನಮ್ಮ ಕಡೆಯ ದೊಡ್ಡತನ ಎಂದು ಭಾಷಣ ಮಾಡಿ ಮುಗಿಸಿದ್ದಳು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಪಟ್ಟಿಯ ಮೇಲೆ ಇಬ್ಬರು ಹುಡುಗಿಯರು, ಬೆನ್ನಿಗೆ ವೈರು, ಪಕ್ಕದಲ್ಲಿ ಲೈಟಿನ ಯಂತ್ರ. ಒಬ್ಬಳು ಕೆಳಗಿನಿಂದ ನುಗ್ಗಿದಳು. ಕತ್ತಿ ಬಾಗಿತು. ಲೈಟು ಹತ್ತಲಿಲ್ಲ.

ಹುಡುಗಿ ಜಾಲರಿ ತೆಗೆದು ತಗುಲಿತು ಎಂದಳು. ಬೆಂಚಿನ ಮೇಲೆ ಕೂತಿದ್ದ ಅವಳ ಗೆಳತಿಯರು ಆಗತಾನೇ ಇತಿಹಾಸದ ಕೋಣೆ ನೋಡಿ ಬಂದವರು. ಒಬ್ಬಳು ಶುರು ಮಾಡಿದಳು, ಉಳಿದವರು ದನಿಗೂಡಿಸಿದರು. "ಎಡಚಿ ಏಟು! ಎಡಚಿ ಏಟು!" ಎಂದು ಕೈತಟ್ಟಿ ಕೂಗಿದರು. ಜನ ನಕ್ಕರು. ಪಟ್ಟಿಯ ಮೇಲಿನ ಹುಡುಗಿಯ ಮುಖ ಸಣ್ಣದಾಯಿತು.

ಅಕ್ಕ ನಿಂತಳು. ಅಷ್ಟು ವರ್ಷ ಪಟ್ಟಿಯ ಹತ್ತಿರ ಸುಳಿಯದವಳು ಸೀದಾ ಅದರ ಅಂಚಿಗೆ ಹೋಗಿ, ಎಲ್ಲಿ ತಗುಲಿತು ಮಗಳೇ ಎಂದು ಕೇಳಿದಳು. ಹುಡುಗಿ ಎದುರಾಳಿಯ ಪಕ್ಕೆ ತೋರಿಸಿದಳು. ತರಬೇತಿ ಕೊಡುವಾಕೆ, ಪಾಪ, ಅಕ್ಕ ಯಾರೆಂದು ಗೊತ್ತಿಲ್ಲದವಳು, ನಗುಮುಖದಿಂದ ಹತ್ತಿರ ಬಂದು ಮರ್ಯಾದೆಯಾಗಿ ಹೇಳಿದಳು.

"ತಗುಲಿದ್ರೆ ಲೈಟು ಹತ್ತುತ್ತೆ ಅಮ್ಮಾ. ಹತ್ತಲಿಲ್ಲ ಅಂದ್ರೆ ತಗುಲಿಲ್ಲ ಅಂತ. ಲೈಟಿಗೆ ನಮ್ಮೋರು ಪರರು ಅಂತ ಇರಲ್ಲ ನೋಡಿ."

ಅಕ್ಕ ಯಂತ್ರದ ಕಡೆ ನೋಡಿದಳು.

"ಇರಬಹುದು ಕಣಮ್ಮಾ" ಎಂದಳು. "ಅದ್ರ ಮಗಳೇ ಹೊಡೆದಿರಬೇಕು."